ಅನುಷ್ಠಾನವೆಂದು ಕರೆದದ್ದು

ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಯಾರೋ ಕೂರಿಸಿಕೊಂಡು ಹೇಳಿಕೊಟ್ಟ ನಿಯಮವಲ್ಲ ಅದು. ಮುಖ ತೊಳೆಯದೆ ಬೀದಿಗೆ ಹೋಗಬಾರದು ಎಂಬುದು ಹೇಗೆ ಗೊತ್ತಿತ್ತೋ ಹಾಗೆ ಇದೂ ಗೊತ್ತಿತ್ತು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಸ್ವಲ್ಪ ನೀರು, ವಿಭೂತಿ, ಪತ್ರೆ, ಹೂವು, ಪಂಚಾಕ್ಷರಿಯ ಜಪ. ಕೊನೆಗೆ ಲಿಂಗಕ್ಕೆ ಎರೆದ ನೀರನ್ನೇ ತೀರ್ಥವೆಂದು ಕುಡಿದು, ಲಿಂಗವನ್ನು ಕರಡಿಗೆಗೆ ಸೇರಿಸಿ ಎದ್ದರೆ ಆಯಿತು. ನಾನೂ ಹಾಗೇ ಮಾಡುತ್ತಿದ್ದೆ, ಅಪ್ಪನೂ ಹಾಗೇ. ಬೇರೆ ಏನೋ ಯೋಚಿಸುತ್ತಾ ಮುಗಿಸಿದ ದಿನಗಳೇ ನನಗೆ ಹೆಚ್ಚು.

ಅಣ್ಣನ ಪೂಜೆ ಉದ್ದವಾಗುತ್ತಿದೆ ಎಂದು ನನಗೆ ತಿಳಿದದ್ದು ರೊಟ್ಟಿಯಿಂದ. ಅವನು ಪೂಜೆಗೆ ಕೂತ ಮೇಲೆ ಅತ್ತಿಗೆ ಹಿಟ್ಟು ನಾದಿ, ಅವನು ಏಳುವ ಹೊತ್ತಿಗೆ ಕಾವಲಿ ಕಾಯಿಸಿರುತ್ತಿದ್ದರು. ಆ ಮಳೆಗಾಲದಲ್ಲಿ ಹಿಟ್ಟು ಒಣಗತೊಡಗಿತು. ಅತ್ತಿಗೆ ಅದಕ್ಕೆ ನೀರು ಚಿಮುಕಿಸಿ ಮತ್ತೆ ನಾದುತ್ತಿದ್ದರು. ಒಂದು ದಿನ ಸೌದೆ ಹಿಂದಕ್ಕೆಳೆದು ಒಲೆಯನ್ನೇ ಆರಿಸಿಬಿಟ್ಟರು. ಅಣ್ಣ ಎದ್ದು ಬಂದವನು ತಣ್ಣಗಿನ ಒಲೆ ನೋಡಿದ, ಏನೂ ಹೇಳದೆ ಸ್ಕೂಲಿಗೆ ಹೊರಟುಹೋದ. ತಿಂದಿರಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಾವು ರಾಜಾಜಿನಗರಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ, ಗಡಿಕಲ್ಲುಗಳ ನಡುವೆ ಮುಳ್ಳುಗಿಡ. ಅಪ್ಪ ರೆವಿನ್ಯೂ ಕಚೇರಿಯಿಂದ ನಿವೃತ್ತರಾಗಿ, ಕೆಂಗೇರಿಯ ಬಾಡಿಗೆ ಮನೆ ಬಿಟ್ಟು ಇಲ್ಲಿ ಮನೆ ಕಟ್ಟಿಸಿದ್ದರು. ಅಮ್ಮ ಅದಕ್ಕೆ ಮೊದಲೇ ವಿಷಮಶೀತ ಜ್ವರದಲ್ಲಿ ಹೋಗಿದ್ದರು. ಅಣ್ಣ ಮಾಗಡಿ ರಸ್ತೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಅವನಿಗೂ ಅತ್ತಿಗೆಗೂ ಇನ್ನೂ ಮಕ್ಕಳಾಗಿರಲಿಲ್ಲ. ನಾನು ಎಸ್‌.ಎಸ್‌.ಎಲ್‌.ಸಿ. ಮುಗಿಸಿ, ಮದುವೆ ಗೊತ್ತಾಗಲಿ ಎಂದು ಮನೆಯಲ್ಲಿ ಕೂತವಳು. ಮನೆಯಲ್ಲಿದ್ದದ್ದು ನಾವು ನಾಲ್ಕು ಜನ.

ಅಣ್ಣ ಚಿಕ್ಕಂದಿನಿಂದಲೂ ದೈವಭಕ್ತ. ಆದರೆ ಅವನ ಭಕ್ತಿ ಸಪ್ಪೆ ಮುಖದ್ದಲ್ಲ. ಪೂಜೆ ಮುಗಿಸಿ ಎದ್ದರೆ ಸಿಳ್ಳೆ ಹಾಕುತ್ತಾ ಸೈಕಲ್ ಒರೆಸುತ್ತಿದ್ದ. ಅಂಥವನು ಮಾತು ಕಡಿಮೆ ಮಾಡಿದ. ಸ್ಕೂಲಿನಿಂದ ಬಂದು ಗೋಡೆಗೆ ಒರಗಿ ಕೂತರೆ, ಕತ್ತಲಾಗಿದೆ, ದೀಪ ಹಾಕು ಎಂದು ಬೇರೆಯವರು ಹೇಳಬೇಕಿತ್ತು. ಆಮೇಲೆ ಸ್ಕೂಲಿಗೆ ಹೋಗುವುದನ್ನೂ ಬಿಟ್ಟ. ಬೆಳಿಗ್ಗೆ ಪೂಜೆಕೋಣೆಗೆ ಹೋದವನು ಮಧ್ಯಾಹ್ನದವರೆಗೆ ಅಲ್ಲೇ. ಎದ್ದು ಬಂದ ದಿನ ಒಂದಿಷ್ಟು ತಿನ್ನುತ್ತಿದ್ದ. ಕೆಲವು ದಿನ, “ಪೂಜೆ ಮುಗೀಲಿಲ್ಲ” ಎಂದು ಸಂಜೆಗೆ ಒಂದು ಲೋಟ ಹಾಲು ಕುಡಿದು ಮಲಗುತ್ತಿದ್ದ. ಅದನ್ನೂ ಕಳ್ಳತನ ಮಾಡಿದವನಂತೆ, ನಮ್ಮ ಕಡೆ ಬೆನ್ನು ತಿರುಗಿಸಿ ಕುಡಿಯುತ್ತಿದ್ದ.

ಸ್ಕೂಲಿನ ಜವಾನ ವಿಚಾರಿಸಲು ಬಂದಾಗ ನಾನು ಕಿಟಕಿಯ ಬಳಿ ಇದ್ದೆ. ಜಗಲಿಯ ಮೇಲಿದ್ದ ಅಪ್ಪ ಗಂಟಲು ಸರಿಮಾಡಿಕೊಂಡು, “ಅನುಷ್ಠಾನಕ್ಕೆ ಕೂತಿದಾನಪ್ಪ. ಹೆಡ್‌ಮೇಷ್ಟ್ರಿಗೆ ಹಾಗಂತ ಹೇಳು” ಎಂದರು.

ಜವಾನ ಚಪ್ಪಲಿ ಬಿಟ್ಟು ಒಳಗಿನ ಕಡೆಗೆ ಕೈ ಮುಗಿದು ಹೋದ.

ಅನುಷ್ಠಾನ ಎಂದರೆ ಮಠದ ಸ್ವಾಮಿಗಳು ಮಾತು ಬಿಟ್ಟು, ಊಟ ಇಳಿಸಿ, ಒಂದೇ ಕಡೆ ಪೂಜೆಗೆ ಕೂರುವುದು. ಸಂಸಾರಸ್ಥನೊಬ್ಬ ಹಾಗೆ ಕೂತನೆಂದರೆ ನಮ್ಮ ಜನಕ್ಕೆ ಅದು ಸಣ್ಣ ಸುದ್ದಿಯಲ್ಲ. ಅಪ್ಪ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮಾತಿಲ್ಲ, ಊಟವಿಲ್ಲ, ಇಡೀ ದಿನ ಅಂಗೈಯಲ್ಲಿ ಲಿಂಗ. ಅದಕ್ಕೆ ಅವರಿಗೆ ಗೊತ್ತಿದ್ದ ಹೆಸರು ಅದೊಂದೇ. ಹೇಳಿದ ಮೇಲೆ ಅವರಿಗೇ ಸಮಾಧಾನವಾಯಿತು ಎಂದು ನನಗೆ ಅನ್ನಿಸಿತು. ಆ ದಿನ ಅವರು ಎರಡು ರೊಟ್ಟಿ ಹೆಚ್ಚು ತಿಂದರು.

ಜನ ಬರತೊಡಗಿದರು. ಮೊದಲು ಎದುರು ಮನೆಯಾಕೆ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು. ಬಾಗಿಲ ಸಂದಿಯಿಂದ ಅಣ್ಣನ ಬೆನ್ನು ನೋಡಿ ಕೆನ್ನೆಗೆ ಬಡಿದುಕೊಂಡರು.

“ನಮ್ಮನೆಯವರೂ ಕೂರ್ತಾರೆ ಪೂಜೆಗೆ. ಪಂಚಾಕ್ಷರಿ ಮಧ್ಯದಲ್ಲೇ ‘ಲೇ, ಕಾಫಿ ಆಯ್ತೇನೇ’ ಅಂತ ಕೂಗ್ತಾರೆ. ಎಂಥಾ ಗಂಡನ್ನ ಪಡೆದಿದೀಯಮ್ಮ ನೀನು!”

“ಕಾಫಿ ಕೇಳೋ ಗಂಡ ಸಿಕ್ಕಿರೋದು ನಿಮ್ಮ ಪುಣ್ಯ ಅಕ್ಕ” ಎಂದರು ಅತ್ತಿಗೆ. ಆಕೆ ಅದನ್ನು ತಮಾಷೆ ಎಂದುಕೊಂಡು ನಕ್ಕರು. ಅತ್ತಿಗೆ ನಗಲಿಲ್ಲ.

ಆಮೇಲೆ ಬಂದವರು ಬಾಗಿಲಲ್ಲೇ ನಿಲ್ಲಲಿಲ್ಲ. ಒಳಗೆ ಹೋಗಿ ಕಾಲಿಗೆ ಬಿದ್ದರು. ಒಬ್ಬಾಕೆ ಮಾತು ಬಾರದ ಮಗುವನ್ನು ತಂದು ಅವನ ಮುಂದೆ ಕೂರಿಸಿದರು. ಯಾರಾದರೂ ಪಾದ ಮುಟ್ಟಿದಾಗ ಅಣ್ಣನ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಕಾದ ಕಬ್ಬಿಣ ತಗುಲಿದವನ ಹಾಗೆ. ಅದನ್ನು ನಾನು ನೋಡುತ್ತಿದ್ದೆ. ಅವರು ನೋಡುತ್ತಿರಲಿಲ್ಲ, ಅವರ ಹಣೆ ನೆಲಕ್ಕೆ ತಾಗಿರುತ್ತಿತ್ತು.

ಇದೇ ಹೊತ್ತಿಗೆ ಕೆಂಗೇರಿಯ ಒಂದು ಮನೆಯಿಂದ ನನಗೆ ಸಂಬಂಧ ಬಂದಿತ್ತು. ಹುಡುಗನ ತಾಯಿ ನಮ್ಮನ್ನು ನೋಡಲು ಬಂದವರು ನನ್ನನ್ನು ನೋಡಿದ್ದಕ್ಕಿಂತ ಪೂಜೆಕೋಣೆಯ ಬಾಗಿಲನ್ನು ನೋಡಿದ್ದೇ ಹೆಚ್ಚು. “ಇಂಥ ಮನೆಯಿಂದ ಹೆಣ್ಣು ತಂದ್ರೆ ಮನೆ ಉದ್ಧಾರ ಆಗುತ್ತೆ. ನಾವು ಬೇರೇನೂ ಕೇಳಲ್ಲ” ಎಂದರು. ಅಪ್ಪನ ಮುಖದಲ್ಲಿ, ಅಮ್ಮ ಹೋದಮೇಲೆ ನಾನು ಕಾಣದಿದ್ದ ಬೆಳಕು ಇತ್ತು.

ಒಂದು ಮಧ್ಯಾಹ್ನ ಬಾಡಿದ ಹೂ ತೆಗೆಯಲೆಂದು ನಾನು ಪೂಜೆಕೋಣೆಗೆ ಹೋದೆ. ಮನೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಅಣ್ಣನ ಎಡಗೈ ತೊಡೆಯ ಮೇಲೆ ಇತ್ತು, ಲಿಂಗ ಅದರ ಮೇಲೆ. ಸದಾ ನೀರಿನಲ್ಲಿದ್ದು ಅಂಗೈಯ ಚರ್ಮ ಬಿಳಿಚಿ ಸುಕ್ಕಾಗಿತ್ತು, ಒಂದು ಕಡೆ ಬಿರಿದಿತ್ತು. ಕಣ್ಣು ತೆರೆದುಕೊಂಡೇ ಇದ್ದ.

“ಏನೂ ಇಲ್ಲ ಕಣೇ” ಎಂದ.

“ಏನಣ್ಣ ಇಲ್ಲ?”

“ಇಲ್ಲಿ.” ಕೈಯನ್ನು ಸ್ವಲ್ಪ ಎತ್ತಿದ. “ಪಂಚಾಕ್ಷರಿ ಶುರು ಮಾಡ್ತೀನಿ. ಮಧ್ಯಕ್ಕೆ ಬರೋ ಹೊತ್ತಿಗೆ ಬೇರೆ ಯಾರೋ ಪಕ್ಕದ ಮನೇಲಿ ಹೇಳ್ತಾ ಇರೋ ಹಾಗೆ ಕೇಳ್ಸುತ್ತೆ. ತಪ್ಪಾಯ್ತು ಅಂತ ಮತ್ತೆ ಮೊದಲಿಂದ ಹೇಳ್ತೀನಿ. ಮತ್ತೆ ಹಂಗೇ. ಮುಗಿಯೋದೇ ಇಲ್ಲ.”

“ಎಲ್ಲರಿಗೂ ಹಂಗೇ ಆಗೋದು. ನಾನು ಪಂಚಾಕ್ಷರಿ ಹೇಳ್ತಾ ಹುಳಿಗೆ ಉಪ್ಪು ಹಾಕಿದ್ನಾ ಅಂತ ಯೋಚಿಸ್ತೀನಿ. ಸುಮ್ನೆ ಮುಗಿಸಿಬಿಡು.”

ಅವನು ನಗಬಹುದು ಎಂದುಕೊಂಡೆ. ನಗಲಿಲ್ಲ.

“ನಿಂಗೆ ಉಪ್ಪಾದ್ರೂ ನೆನಪಾಗುತ್ತೆ. ನಂಗೆ ಅದೂ ಇಲ್ಲ. ಸುಳ್ಳು ಪೂಜೆ ಮಾಡಿ ಉಂಡ್ರೆ ಅದು ಪ್ರಸಾದ ಆಗುತ್ತಾ? ಅವರೆಲ್ಲ ಬಂದು ಕಾಲಿಗೆ ಬೀಳ್ತಾರೆ. ನಾನೇನು ಪಾಪ ಮಾಡಿದೀನೋ, ಶಿವ ಎದ್ದು ಹೋಗಿದಾನೆ. ಕಲ್ಲು ಉಳಿದಿದೆ.” ನನ್ನನ್ನು ನೋಡದೆಯೇ, “ಲಿಂಗ ಕಳಕೊಂಡವನು ಏನು ಮಾಡ್ಬೇಕು ಅಂತ ಗೊತ್ತಲ್ಲ ನಿಂಗೆ?” ಎಂದ.

ಗೊತ್ತಿತ್ತು. ಮೈಮೇಲಿನ ಲಿಂಗ ಕಳೆದುಹೋದರೆ ಆಮೇಲೆ ಪ್ರಾಣ ಇಟ್ಟುಕೊಳ್ಳಬಾರದು ಎಂದು ಹಳೆಯ ಕಾಲದವರು ಹೇಳುತ್ತಿದ್ದರು. ನಮ್ಮ ಕಾಲಕ್ಕೆ ಅದು ಬರೀ ಮಾತು. ಕಳೆದುಹೋದರೆ ಮಠಕ್ಕೆ ಹೋಗಿ ಬೇರೆ ಕಟ್ಟಿಸಿಕೊಂಡು ಬರುತ್ತಿದ್ದರು. ಆದರೆ ಅಣ್ಣನ ಲಿಂಗ ಕಳೆದಿರಲಿಲ್ಲ. ಕೈಯಲ್ಲಿ ಇದ್ದದ್ದನ್ನೇ ಕಳೆದುಕೊಂಡೆ ಎನ್ನುತ್ತಿದ್ದ. ಅದಕ್ಕೆ ಯಾವ ಮಠದಲ್ಲಿ ಬೇರೆ ಕೊಡುತ್ತಾರೆ? ನನ್ನ ಕೈಯಲ್ಲಿದ್ದ ಹೂವಿನ ತಟ್ಟೆಯನ್ನು ನೆಲಕ್ಕಿಟ್ಟು ಹಿತ್ತಿಲಿಗೆ ಓಡಿದೆ.

ಅತ್ತಿಗೆ ಬಟ್ಟೆ ಒಗೆಯುತ್ತಿದ್ದರು. ನಾನು ಹೇಳಿದ್ದನ್ನು ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು. ಬೆಚ್ಚಿಬೀಳಲಿಲ್ಲ.

“ನಂಗೆ ಗೊತ್ತು ಕಣೇ. ರಾತ್ರಿ ನಿದ್ದೆ ಇಲ್ಲ ಅವರಿಗೆ. ನಾನು ಬಾಗಿಲಿಗೆ ಅಡ್ಡ ಹಾಸ್ಕೊಂಡು ಮಲಗ್ತಾ ಇದೀನಿ, ಸೆಕೆ ಅಂತ ಹೇಳಿ. ಈ ಚಳೀಲಿ ಎಂಥಾ ಸೆಕೆ? ಅವರೂ ಕೇಳಲ್ಲ, ನಾನೂ ಹೇಳಲ್ಲ.” ಬಟ್ಟೆ ಹಿಂಡಿದರು. “ಮೊನ್ನೆ ಸಂಜೆ ಆ ಕಲ್ಲುಗುಂಡಿ ಹತ್ರ ನಿಂತಿದ್ರು. ಪತ್ರೆ ತರೋಕೆ ಬಂದೆ ಅಂದ್ರು. ಅಲ್ಲೆಲ್ಲಿದೆ ಬಿಲ್ವದ ಮರ?”

ಬಡಾವಣೆಯ ಅಂಚಿನಲ್ಲಿ ಕಲ್ಲು ಒಡೆದು ಬಿಟ್ಟ ಗುಂಡಿಯೊಂದಿತ್ತು. ಮಳೆನೀರು ತುಂಬಿ ಹಸಿರಾಗಿತ್ತು. ಆ ದಿನದಿಂದ ನನ್ನ ಕಿವಿ ಬೀದಿಬಾಗಿಲ ಚಿಲಕದ ಮೇಲೇ ಇತ್ತು. ಬಚ್ಚಲಲ್ಲಿ ಮೈಮೇಲೆ ನೀರು ಹಾಕಿಕೊಳ್ಳುವಾಗ ಸದ್ದು ಕೇಳಿಸುವುದಿಲ್ಲ ಎಂದು ತಂಬಿಗೆ ಎತ್ತುವುದನ್ನು ನಿಲ್ಲಿಸಿ ನಿಲ್ಲುತ್ತಿದ್ದೆ.

ನಾವಿಬ್ಬರೂ ಅಪ್ಪನಿಗೆ ಹೇಳಿದೆವು. ಗುಂಡಿಯ ವಿಷಯವನ್ನೂ ಹೇಳಿದೆವು. ಅಪ್ಪ, “ಅವನನ್ನ ಬುದ್ಧಿಯವರ ಹತ್ರ ಕರ್ಕೊಂಡು ಹೋಗ್ತೀನಿ” ಎಂದರು. ನಮ್ಮ ಕಡೆ ಮಠದ ಸ್ವಾಮಿಗಳನ್ನು ಬುದ್ಧಿ ಎನ್ನುವುದು. ಕೆಂಗೇರಿಯಿಂದಾಚೆ ಇದ್ದ ಆ ಚಿಕ್ಕ ಮಠಕ್ಕೆ ಅಪ್ಪ ಹಿಂದಿನಿಂದಲೂ ನಡೆದುಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಹೋದೆವು, ನಾನೂ ಜೊತೆಗೆ. ಅಣ್ಣ ಕಿಟಕಿಯ ಪಕ್ಕ ಕೂತು, ಹೊರಗೆ ನೋಡದೆ ಎದುರಿನ ಸೀಟಿನ ಬೆನ್ನನ್ನು ನೋಡುತ್ತಿದ್ದ.

ಸ್ವಾಮಿಗಳು ವಯಸ್ಸಾದವರು, ಒಳ್ಳೆಯವರು. ಅಣ್ಣ ಸೊರಗಿದ್ದನ್ನು ನೋಡಿ, “ಊಟ ಮಾಡ್ತಾನೇನಪ್ಪ?” ಎಂದು ಮೊದಲು ಕೇಳಿದ್ದು ಅವರೇ. “ಫಲಾಹಾರ, ಬುದ್ಧಿ” ಎಂದರು ಅಪ್ಪ. ಅದೂ ಪೂರ್ತಿ ಸುಳ್ಳಲ್ಲ.

“ನೀನು ಹೇಳಪ್ಪ. ಪೂಜೇಲಿ ಏನು ಕಾಣುತ್ತೆ?”

ಅಣ್ಣ ತಲೆ ಎತ್ತಿದ. ಮನೆಯಲ್ಲಿ ನನಗೆ ಹೇಳಿದ ಅದೇ ದನಿಯಲ್ಲಿ, “ಏನೂ ಇಲ್ಲ ಬುದ್ಧಿ. ಒಳಗೆ ಏನೂ ಇಲ್ಲ” ಎಂದ.

ಸ್ವಾಮಿಗಳು ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖ ಅರಳಿತ್ತು. “ಅದೇ ಬಯಲು ಕಣಪ್ಪ. ಅಲ್ಲಿಗೆ ಬರೋಕೆ ನಾವು ಜೀವಮಾನ ಎಲ್ಲ ಒದ್ದಾಡ್ತೀವಿ. ಬಿಡಬೇಡ, ಕೂತ್ಕೋ” ಎಂದು ಅವನ ತಲೆಯ ಮೇಲೆ ಕೈಯಿಟ್ಟರು.

ಬಯಲು ಎಂದರೆ ನಮ್ಮಲ್ಲಿ ಕೊನೆಯ ಮೆಟ್ಟಿಲು. ಭಕ್ತನೂ ಇಲ್ಲ, ದೇವರೂ ಇಲ್ಲ, ಎರಡೂ ಒಂದಾಗಿ ಏನೂ ಉಳಿಯದ ಸ್ಥಿತಿ. ಅಣ್ಣ ಹೇಳಿದ ‘ಏನೂ ಇಲ್ಲ’ ಬೇರೆ, ಅವರು ಕೇಳಿಸಿಕೊಂಡ ‘ಏನೂ ಇಲ್ಲ’ ಬೇರೆ. ಎರಡಕ್ಕೂ ಕನ್ನಡದಲ್ಲಿ ಅದೇ ಎರಡು ಶಬ್ದ. ಅಪ್ಪ ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ನಾನು ಅಣ್ಣನನ್ನು ನೋಡಿದೆ. ಸಹಾಯ ಕೇಳಲು ಇನ್ನು ಯಾರೂ ಉಳಿಯಲಿಲ್ಲ ಎಂದು ತಿಳಿದವನ ಮುಖ ಹೇಗಿರುತ್ತದೆ ಎಂದು ಆ ದಿನ ಕಂಡೆ.

ಬಿಡಬೇಡ ಎಂಬುದನ್ನು ಅವನು ಅಪ್ಪಣೆಯೆಂದು ತೆಗೆದುಕೊಂಡ. ಸಂಜೆಯ ಹಾಲೂ ನಿಂತಿತು. ಮೊದಲು ತುಟಿ ಒಡೆಯಿತು, ಆಮೇಲೆ ದನಿ ಹೋಯಿತು. ಸುದ್ದಿ ದೊಡ್ಡದಾಯಿತು. ಕೆಂಗೇರಿಯಿಂದ ಹುಡುಗನ ತಾಯಿ ತಮ್ಮ ಓರಗಿತ್ತಿಯನ್ನೂ ಕರೆದುಕೊಂಡು ದರ್ಶನಕ್ಕೆಂದು ಬಂದರು. ಹಜಾರದಲ್ಲಿ ಚಾಪೆಯ ಮೇಲೆ ಕೂತಿದ್ದರು, ಮಡಿಲಲ್ಲಿ ಹೂವಿನ ಪೊಟ್ಟಣ.

ಆ ಬೆಳಿಗ್ಗೆ ಅಣ್ಣ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಹಿಂದಿನ ದಿನವೂ ಕುಡಿದಿರಲಿಲ್ಲ ಎಂದು ಅತ್ತಿಗೆ ಹೇಳಿದರು. ಅಡುಗೆಮನೆಯಲ್ಲಿ ಅಪ್ಪನ ಎದುರಿಗೆ ನಿಂತು, ದನಿ ತಗ್ಗಿಸಿ, ಆದರೆ ತಡವರಿಸದೆ ಹೇಳಿದರು:

“ಮಾವ, ಅತ್ತೆಗೆ ಜ್ವರ ಬಂದಿದ್ದಾಗ ಪೂಜೆ ಯಾರು ಮಾಡ್ತಿದ್ರು?”

ಉತ್ತರ ನಮಗೆಲ್ಲ ಗೊತ್ತಿತ್ತು. ಕಾಯಿಲೆಯವರು ಎದ್ದು ಕೂರಲಾರದೆ ಹೋದರೆ ಮನೆಯವರೊಬ್ಬರು ಅವರ ಎಡಗೈಯನ್ನು ಕೆಳಗಿನಿಂದ ಹಿಡಿದು, ಅಂಗೈ ಮೇಲೆ ಲಿಂಗ ಇಟ್ಟು, ತಾವೇ ನೀರೆರೆದು, ತಾವೇ ಪಂಚಾಕ್ಷರಿ ಹೇಳುತ್ತಾರೆ. ಮಲಗಿದವರ ಮನಸ್ಸು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಪೂಜೆ ಆಯಿತೆಂದೇ ಲೆಕ್ಕ. ಗಂಜಿ ಕುಡಿಸಬಹುದು. ಅಮ್ಮನ ಕೊನೆಯ ವಾರಗಳಲ್ಲಿ ಅಪ್ಪ ಹಾಗೇ ಮಾಡಿದ್ದರು.

“ಅವಳಿಗೆ ಜ್ವರ ಇತ್ತಮ್ಮ” ಎಂದರು ಅಪ್ಪ. “ಇವನಿಗೆ ಮೈ ತಣ್ಣಗಿದೆ. ಏನು ಕಾಯಿಲೆ ಅಂತ ಹೇಳ್ಲಿ? ತಲೆ ಕೆಟ್ಟಿದೆ ಅಂತ ಹೇಳ್ಲಾ? ಹೊರಗೆ ಯಾರು ಕೂತಿದಾರೆ ನೋಡಿದೀಯಾ? ಈ ಹುಡುಗಿ ಗತಿ ಏನು?”

ಆ ಹುಡುಗಿ ನಾನು. ಬೇಡ ಎನ್ನುವ ಹಾಗೆ ಕೈ ಆಡಿಸಿದೆ. ಯಾವುದು ಬೇಡ ಎಂದು ಅವರಿಗೆ ತಿಳಿಯಿತೋ ಇಲ್ಲವೋ.

“ನೀವು ಏನು ಕರೀತೀರೋ ಅದೇ ಆಗೋದು ಮಾವ” ಎಂದರು ಅತ್ತಿಗೆ. “ಕಾಯಿಲೆ ಅಂದ್ರೆ ಗಂಜಿ ಕೊಡ್ಬಹುದು. ಅನುಷ್ಠಾನ ಅಂದ್ರೆ ಹೆಣ ಎತ್ತಬೇಕು. ನಾನು ಹೇಳಿದ್ರೆ ಅವರು ಕೇಳಲ್ಲ. ಅನುಷ್ಠಾನ ಅಂದಿದ್ದು ನೀವು.”

ಅಪ್ಪ ಹಜಾರದ ಮೂಲಕವೇ ಹೋಗಬೇಕಿತ್ತು. ಹುಡುಗನ ತಾಯಿ ಎದ್ದು ನಿಂತರು, ದರ್ಶನಕ್ಕೆ ಕರೆಯಲು ಬಂದರೆಂದು. ಅಪ್ಪ ಅವರನ್ನು ದಾಟಿ ಪೂಜೆಕೋಣೆಗೆ ಹೋಗಿ ಅಣ್ಣನ ಎದುರಿಗೆ ಕೂತರು. ಬಾಗಿಲು ಹಾಕಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ ನನಗೆ ಗೊತ್ತಿಲ್ಲ. ಅಣ್ಣನ ಎಡಗೈಯ ಕೆಳಗೆ ತಮ್ಮ ಕೈ ಇಟ್ಟರು.

ಅಣ್ಣ ಕೈ ಎಳೆದುಕೊಳ್ಳಲು ನೋಡಿದ. “ಬೇಡ. ನಂಗೇನಾಗಿದೆ?” ದನಿ ಕೇಳಿಸುವಷ್ಟೂ ಇರಲಿಲ್ಲ.

“ಕಾಯಿಲೆ ಆಗಿದೆ ಕಣೋ ನಿಂಗೆ.”

“ಕಾಯಿಲೆ ಅಲ್ಲಪ್ಪ. ಪಾಪ.”

“ಕಾಯಿಲೆ” ಎಂದರು ಅಪ್ಪ. ಜಗಲಿಯಲ್ಲಿ ಕೂತು ಬೀದಿಯವರನ್ನು ಕರೆಯುವಷ್ಟು ಜೋರಾಗಿ ಹೇಳಿದರು. “ನನ್ನ ಮಗನಿಗೆ ಮನಸ್ಸಿನ ಕಾಯಿಲೆ. ನಾನು ತಪ್ಪು ಹೇಳಿದೆ ಎಲ್ಲರಿಗೂ.”

“ಬುದ್ಧಿಯವರು ಬಯಲು ಅಂದ್ರಲ್ಲ?”

“ಅವರಿಗೆ ನಾನು ಫಲಾಹಾರ ಅಂದಿದ್ದೆ. ಕೈ ಬಿಗಿ ಮಾಡ್ಬೇಡ. ಬಿಡು. ನಾನು ಹಿಡ್ಕೊಂಡಿದೀನಿ.”

ಅಪ್ಪ ಇನ್ನೊಂದು ಕೈಯಿಂದ ತಂಬಿಗೆ ಎತ್ತಿದರು. ಎರೆದ ನೀರು ಅರ್ಧ ನೆಲಕ್ಕೆ ಹೋಯಿತು. ಅಪ್ಪ ಅವಸರ ಮಾಡಲಿಲ್ಲ, ಒಂದು ಸಲವೂ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಲಿಲ್ಲ. ಪಂಚಾಕ್ಷರಿ ಮುಗಿಸಿ, “ಪೂಜೆ ಆಯ್ತು” ಎಂದು ತೀರ್ಥವನ್ನು ಅವನ ತುಟಿಗೆ ಹಿಡಿದರು. ಅಣ್ಣ ಬಾಯಿ ತೆರೆಯಲಿಲ್ಲ. ಅಪ್ಪ ಕೈ ತೆಗೆಯಲಿಲ್ಲ. ಅತ್ತಿಗೆ ಗಂಜಿಯ ಬಟ್ಟಲು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು. ನಾನು ಅವರ ಹಿಂದೆ. ಆ ಹೊತ್ತು ಎಷ್ಟಿತ್ತೆಂದು ಹೇಳಲಾರೆ. ತೀರ್ಥ ಅವನ ಗಲ್ಲದ ಮೇಲೆ ಇಳಿಯಿತು. ಅಪ್ಪ ಇನ್ನೊಮ್ಮೆ ತುಂಬಿಕೊಂಡು ಹಿಡಿದರು. ಅಣ್ಣನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು.

ಗಂಜಿಯನ್ನು ಕುಡಿದ, ಕಾರಿಕೊಂಡ. ಅತ್ತಿಗೆ ಸೆರಗಿನಲ್ಲಿ ಒರೆಸಿ ಮತ್ತೆ ಕುಡಿಸಿದರು. ನಾನು ತಿರುಗಿ ನೋಡಿದಾಗ ಹಜಾರ ಖಾಲಿಯಾಗಿತ್ತು. ಹೂವಿನ ಪೊಟ್ಟಣ ಚಾಪೆಯ ಮೇಲಿತ್ತು. ಕೆಂಗೇರಿಯಿಂದ ಮತ್ತೆ ಯಾರೂ ಬರಲಿಲ್ಲ. ಅಪ್ಪ ಕೇಳಲು ಹೋಗಲೂ ಇಲ್ಲ.

ಮರುದಿನ ಜಟಕಾ ಮಾಡಿಕೊಂಡು ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಯಾವ ಆಸ್ಪತ್ರೆ ಎಂದು ರಸ್ತೆಯವರೆಲ್ಲ ತಿಳಿದುಕೊಂಡರು. ಎದುರು ಮನೆಯಾಕೆ ಮಕ್ಕಳನ್ನು ನಮ್ಮ ಗೇಟಿನ ಕಡೆ ಆಡಲು ಬಿಡಲಿಲ್ಲ. ಅಣ್ಣ ಅಲ್ಲಿ ಕೆಲವು ತಿಂಗಳು ಇದ್ದ. ಯಾವ ಚಿಕಿತ್ಸೆ ಕೊಟ್ಟರೆಂದು ನಮಗೆ ಪೂರ್ತಿ ತಿಳಿಯಲಿಲ್ಲ, ಅವನು ಹೇಳಲೂ ಇಲ್ಲ. ಲಿಂಗವನ್ನು ಮೈಮೇಲೆ ಇಟ್ಟುಕೊಳ್ಳಲು ಬಿಟ್ಟಿದ್ದರು. ದಿನವೂ ಬೆಳಿಗ್ಗೆ ಅತ್ತಿಗೆಯೋ ಅಪ್ಪನೋ ಹೋಗಿ ಕೈ ಹಿಡಿದು ಪೂಜೆ ಮಾಡಿಸಿ ಬರುತ್ತಿದ್ದರು. ಹೋಗಲಾಗದ ದಿನ ಅವನು ಏನು ಮಾಡಿದನೋ ಎಂದು ಮನೆಯಲ್ಲಿ ಉಳಿದ ನಮಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಸಲ ನಾನೂ ಹೋಗಿದ್ದೆ. ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದ. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು.

“ಡಾಕ್ಟ್ರು ಕಾಯಿಲೆ ಅಂತಾರೆ. ಒಪ್ಕೊಂಡಿದೀನಿ” ಎಂದ. “ಒಂದು ಮಾತ್ರ ತಿಳೀತಿಲ್ಲ ಕಣೇ. ಕಾಯಿಲೆ ಬಂದಿದ್ದು ನನಗೆ. ಶಿವ ಯಾಕೆ ಎದ್ದು ಹೋಗ್ಬೇಕಿತ್ತು?”

ಅದಕ್ಕೆ ಹೇಳುವಂಥದ್ದು ನನಗೆ ಆಗ ತೋಚಲಿಲ್ಲ, ಈಗಲೂ ತೋಚುವುದಿಲ್ಲ.

ಅವನು ಮನೆಗೆ ಬಂದ ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ, “ನಾನೇ ಕೂರ್ತೀನಿ” ಎಂದು ಒಬ್ಬನೇ ಪೂಜೆಕೋಣೆಗೆ ಹೋದ. ಬಾಗಿಲನ್ನು ಮುಂದಕ್ಕೆಳೆದುಕೊಂಡ. ಅಡುಗೆಮನೆಯಲ್ಲಿ ನಾವು ಮೂವರೂ ತಟ್ಟೆ ಹಾಕಿಕೊಂಡು ಕೂತಿದ್ದೆವು. ಅಪ್ಪನ ಕಿವಿ ಆ ಕಡೆಗೇ ಇತ್ತು. ಅತ್ತಿಗೆ ಹಿಟ್ಟಿನ ಉಂಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಸುಮ್ಮನೆ ಬದಲಾಯಿಸುತ್ತಿದ್ದರು.

ಅವನು ಬೇಗ ಬಂದ. ತೀರಾ ಬೇಗ. ಅಷ್ಟು ಹೊತ್ತಿನಲ್ಲಿ ಪೂಜೆ ಮುಗಿಯುವುದು ಸಾಧ್ಯವಿತ್ತು, ಮುಗಿಯದಿರುವುದೂ ಸಾಧ್ಯವಿತ್ತು. ತಟ್ಟೆಯ ಮುಂದೆ ಕೂತ. ನಮ್ಮ ಮನೆಯಲ್ಲಿ ಊಟಕ್ಕೆ ಬಂದವರನ್ನು ಕೇಳುವ ಮೊದಲ ಮಾತು ‘ಪೂಜೆ ಆಯ್ತಾ’ ಎಂದು. ಅತ್ತಿಗೆ ಅಪ್ಪನನ್ನು ನೋಡಿದರು. ಅಪ್ಪ ತಮ್ಮ ತಟ್ಟೆಯನ್ನು ನೋಡಿಕೊಂಡು, “ರೊಟ್ಟಿ ಹಾಕಮ್ಮ ಅವನಿಗೆ” ಎಂದರು.

ಅಣ್ಣ ಒಂದು ತುಂಡು ಮುರಿದ. ಅದನ್ನು ಬೆರಳಲ್ಲಿ ಹಿಡಿದುಕೊಂಡು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ, ಯಾರಾದರೂ ಕೇಳುತ್ತೀರಾ ಎನ್ನುವ ಹಾಗೆ. ಯಾರೂ ಕೇಳಲಿಲ್ಲ. ಅವನು ಬಾಯಿಗಿಟ್ಟುಕೊಂಡು ಅಗಿಯತೊಡಗಿದ. ಅವನು ನುಂಗುವವರೆಗೆ ನಾನು ನನ್ನ ತಟ್ಟೆಗೆ ಕೈ ಹಾಕಲಿಲ್ಲ.